ಕೋಳ ಯಾರ ಕೈಗೆ, ಇಸ್ತ್ರಿ ಅಂಗಿ ಯಾರ ಮೈಗೆ

(ಉಯ್ಯಂಬಳ್ಳಿಯಲ್ಲಿ ಸೇರಿದ್ದ ಹಾಸ್ಟೆಲ್ ಹುಡುಗರ ಮುಂದೆ ಆಡಿದ ಮಾತು)



ಪದ್ಯ ಓದೋಕೆ ಅಂತ ಕರೆದಿರಿ. ಪದ್ಯ ಊಟ ಆದಮೇಲೆ. ಈಗ ಒಂದು ಕಬ್ಬಿಣದ ವಿಚಾರ, ಒಂದು ಬಟ್ಟೆಯ ವಿಚಾರ ಮಾತಾಡಬೇಕು ಅಂತ ಬಂದಿದ್ದೀನಿ. ಕೈದಿಯ ಕೈಗೆ ಹಾಕುವ ಕೋಳ, ಮೈಗೆ ಹಾಕುವ ಜೈಲುಬಟ್ಟೆ. ನಾನು ವಕೀಲನಲ್ಲ, ಆರ್ಟ್ಸ್ ಓದಿದವನು. ಆದರೆ ನಮ್ಮ ಹಟ್ಟಿಯ ಹುಡುಗ ಪೋಲೀಸ್ ವ್ಯಾನು ಹತ್ತಿದ ಮೇಲೆ ಏನಾಗುತ್ತದೆ ಅನ್ನೋದನ್ನ ವಕೀಲರಷ್ಟೇ ತಿಳಿದುಕೊಂಡರೆ ಸಾಲದು.

ಈ ಕಡೆಯ ಒಬ್ಬ ಹುಡುಗನ ಮೇಲೆ ಕೇಸಾಯಿತು ಅನ್ನಿ. ರಾಮನಗರದ ಜೈಲಿಂದ ಕನಕಪುರದ ಕೋರ್ಟಿಗೆ ಕರೆತಂದರು ಅನ್ನಿ. ವ್ಯಾನು ನಿಂತ ಜಾಗದಿಂದ ಕೋರ್ಟಿನ ಬಾಗಿಲಿಗೆ ಹತ್ತಿಪ್ಪತ್ತು ಮಾರು. ಅಷ್ಟರಲ್ಲೇ ಟೀ ಅಂಗಡಿ, ಜೆರಾಕ್ಸ್ ಅಂಗಡಿ, ಪಹಣಿ ಹಿಡಿದು ನಿಂತ ರೈತರು, ಯಾವುದೋ ಜಮೀನು ಕೇಸಿಗೆ ಬಂದ ನಮ್ಮೂರಿನವರೇ ಒಬ್ಬರು. ಅವರು ನೋಡಿದರೆ ಮುಗೀತು. ಸಾತನೂರು ಬಸ್ಸು ಬರೋದಕ್ಕೆ ಮೊದಲೇ ಸುದ್ದಿ ಬಂದಿರುತ್ತೆ. ಜಡ್ಜು ತೀರ್ಪು ಹೇಳೋಕೆ ವರ್ಷಗಟ್ಟಲೆ ಬೇಕು, ಊರು ಅವತ್ತು ಸಾಯಂಕಾಲವೇ ಹೇಳಿಬಿಡುತ್ತೆ. ಆಮೇಲೆ ಖುಲಾಸೆಯಾಗಿ ಬಂದರೂ ಅವನು ಕೋಳ ಹಾಕಿಸಿಕೊಂಡವನೇ. ಹೆಣ್ಣು ಕೇಳೋಕೆ ಹೋದಾಗ ಗೊತ್ತಾಗುತ್ತೆ ಅದರ ತೂಕ.

ಮೈಮೇಲೆ ಗುರುತು ಹಾಕಿ ಮನುಷ್ಯನನ್ನ ಬೀದಿಗೆ ಬಿಡೋದು ನಮಗೆ ಹೊಸದಲ್ಲ. ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಪೇಶ್ವೆಗಳ ಕಾಲದ ಕಟ್ಟಳೆ ಬರೆದಿದ್ದಾರೆ. ಅಸ್ಪೃಶ್ಯನಾದವನು ಮಣಿಕಟ್ಟಿಗೋ ಕುತ್ತಿಗೆಗೋ ಕರಿದಾರ ಕಟ್ಟಿಕೊಂಡಿರಬೇಕು. ಯಾಕೆ? ಸವರ್ಣೀಯರು ಗೊತ್ತಾಗದೆ ಮುಟ್ಟಿ ಮೈಲಿಗೆಯಾಗದಿರಲಿ ಅಂತ. ಪುಣೆಯಲ್ಲಾದರೆ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ. ಮಣಿಕಟ್ಟಿನ ದಾರ ಹೋಯಿತು. ಅದೇ ಜಾಗಕ್ಕೆ ಕೋಳ ಬಿದ್ದಾಗ ಊರಿನ ಕಣ್ಣು ಹೆಚ್ಚೇನೂ ಬದಲಾದ ಹಾಗೆ ನನಗೆ ಕಾಣೋದಿಲ್ಲ.

ಅದೇ ಕೋಳ ಇನ್ನೊಬ್ಬರ ಕೈಯಲ್ಲಿ ಬೇರೆ ಮಾತಾಡುತ್ತೆ. ತುರ್ತುಪರಿಸ್ಥಿತಿಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸರನ್ನ ಬರೋಡಾ ಡೈನಮೈಟ್ ಕೇಸಿನಲ್ಲಿ ಹಿಡಿದರು. ಸರಪಳಿ ಬಿಗಿದ ಕೈಯನ್ನ ಅವರು ಮೇಲೆತ್ತಿದ ಫೋಟೋ ದೇಶವೆಲ್ಲ ತಿರುಗಿತು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರದಲ್ಲಿ ಗೆದ್ದು, ಮಂತ್ರಿಯಾದರು. ಆ ಫೋಟೋ ನೋಡಿದರೆ ನನಗೂ ಮೈ ಜುಮ್ಮನ್ನುತ್ತೆ. ಆದರೆ ಪಂಪ್‌ಸೆಟ್ಟಿನ ವೈರು ಕದ್ದ ಅನ್ನೋ ಅನುಮಾನದ ಮೇಲೆ ಹಿಡಿದ ಹುಡುಗ ಕೈ ಮೇಲೆತ್ತಿದರೆ ಯಾರಪ್ಪಾ ಪೋಸ್ಟರ್ ಹಾಕಿಸ್ತಾರೆ? ಅವನು ಟವೆಲ್ಲಿನಲ್ಲಿ ಕೈ ಮುಚ್ಚಿಕೊಂಡು ತಲೆ ತಗ್ಗಿಸ್ತಾನೆ.

1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದು ಬಂತು. ತಿಹಾರ್ ಜೈಲಿನ ಒಬ್ಬ ವಿಚಾರಣಾಧೀನ ಕೈದಿ ಟೆಲಿಗ್ರಾಂ ಕಳಿಸಿದ, ಕೋರ್ಟಿಗೆ ಕರೆತರುವಾಗ ಕೋಳ ಹಾಕ್ತಾರೆ ಅಂತ. ಅದೇ ಪ್ರೇಮ್ ಶಂಕರ್ ಶುಕ್ಲಾ ಕೇಸು. ಆಗ ದೆಹಲಿಯಲ್ಲಿ ನಡೀತಿದ್ದದ್ದು ಪಂಜಾಬ್ ಪೋಲೀಸ್ ನಿಯಮ. ಅದರಲ್ಲಿ ವಿಚಾರಣಾಧೀನರಿಗೆ ಎರಡು ದರ್ಜೆ, ಉತ್ತಮ ಮತ್ತು ಸಾಮಾನ್ಯ. ದರ್ಜೆ ಗೊತ್ತು ಮಾಡೋದು ಯಾವುದರಿಂದ? ಹೊರಗೆ ಎಂಥ ಬಾಳು ಬಾಳಿದ್ದ ಅನ್ನೋದರಿಂದ! ಬಂಗಲೆಯಿಂದ ಬಂದವನಿಗೆ ಕೋಳದಿಂದ ರಿಯಾಯಿತಿ, ಗುಡಿಸಲಿಂದ ಬಂದವನಿಗೆ ಸರಪಳಿ. ಬಂಗಲೆಯವನಿಗೆ ಓಡೋಕೆ ಕಾರಿದೆ, ದುಡ್ಡಿದೆ, ಹೊರದೇಶದಲ್ಲಿ ನೆಂಟರಿದ್ದಾರೆ. ನಮ್ಮವನು ಓಡಿದರೆ ಎಲ್ಲಿಗೆ ಓಡ್ತಾನೆ? ಅತ್ತೆ ಮನೆಗೆ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ದರ್ಜೆಯನ್ನ ಹೊಡೆದುಹಾಕಿದರು. ಕೋಳ ಹಾಕೋದೇ ಮೇಲುನೋಟಕ್ಕೆ ಅಮಾನವೀಯ, ಓಡಿಹೋಗ್ತಾನೆ ಅನ್ನೋದಕ್ಕೆ ಸ್ಪಷ್ಟ ಕಾರಣ ಇರಬೇಕು, ಆ ಕಾರಣ ಬರೆದಿಡಬೇಕು ಅಂದರು. ಇನ್ನೂ ಒಂದು ಮಾತಿದೆ, ಇದನ್ನ ಚೆನ್ನಾಗಿ ನೆನಪಿಟ್ಟುಕೊಳ್ಳಿ: ತನ್ನ ಮುಂದೆ ತಂದ ಕೈದಿಯನ್ನ ‘ನಿನಗೆ ಕೋಳ ಹಾಕಿದ್ದರಾ’ ಅಂತ ಮ್ಯಾಜಿಸ್ಟ್ರೇಟರೇ ಕೇಳಬೇಕು. 1995ರಲ್ಲಿ ಅದೇ ಕೋರ್ಟು ಇನ್ನೂ ಬಿಗಿ ಮಾಡಿತು. ಜೈಲಿಂದ ಕೋರ್ಟಿಗೆ, ಜೈಲಿಂದ ಜೈಲಿಗೆ ಸಾಗಿಸುವಾಗ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೋಳ ಕೂಡದು. ಆ ಪೀಠದಲ್ಲಿದ್ದವರು, ಆಮೇಲೆ ನಮ್ಮ ಲೋಕಾಯುಕ್ತರಾಗಿ ಲಂಚಕೋರರಿಗೆ ನಡುಕ ಹುಟ್ಟಿಸಿದ ಎನ್. ವೆಂಕಟಾಚಲ.

ಬಟ್ಟೆಗೆ ಬರೋಣ. ಸಿನಿಮಾದಲ್ಲಿ ಜೈಲಿಗೆ ಹೋದವರೆಲ್ಲ ನಂಬರಿನ ಅಂಗಿ ತೊಡ್ತಾರೆ. ನಿಜವಾಗಿ ಜೈಲಿನ ಬಿಳಿ ಸಮವಸ್ತ್ರ ಶಿಕ್ಷೆಯಾದವನಿಗೆ. ವಿಚಾರಣೆ ಮುಗಿಯದವನು ಸ್ವಂತ ಬಟ್ಟೆಯಲ್ಲಿರಬಹುದು. 1894ರ ಬ್ರಿಟಿಷರ ಕಾಯ್ದೆಯೇ ಅವನು ಹೊರಗಿಂದ ಊಟ, ಬಟ್ಟೆ, ಹಾಸಿಗೆ ತರಿಸಿಕೊಳ್ಳಬಹುದು ಅಂದಿತ್ತು. ತರಿಸಿಕೊಳ್ಳೋ ಶಕ್ತಿ ಇಲ್ಲದವನಿಗೆ ಜೈಲೇ ಕೊಡಬೇಕು ಅಂತಲೂ ಅಂದಿತ್ತು. ಓದೋಕೆ ನ್ಯಾಯವಾಗೇ ಇದೆ. ನಡೆಯೋದು ಏನು? ಒಬ್ಬ ಇಸ್ತ್ರಿ ಅಂಗಿಯಲ್ಲಿ ಕಟಕಟೆಗೆ ಬರ್ತಾನೆ, ಇನ್ನೊಬ್ಬ ಹಿಡಿದ ದಿನದ ಅಂಗಿಯಲ್ಲೇ ಬರ್ತಾನೆ. 2024ರ ಆಗಸ್ಟಿನಲ್ಲಿ ಪರಪ್ಪನ ಅಗ್ರಹಾರದೊಳಗೆ ಒಬ್ಬ ಸಿನಿಮಾ ನಟ ಕುರ್ಚಿ ಹಾಕಿ ಕೂತು, ಮಗ್ಗು, ಸಿಗರೇಟು ಹಿಡಿದ ಫೋಟೋ ಎಲ್ಲರೂ ನೋಡಿದಿರಿ. 1980ರಲ್ಲಿ ಹೊಡೆದುಹಾಕಿದ ‘ಉತ್ತಮ ದರ್ಜೆ’ ಕಾಗದದಲ್ಲಿಲ್ಲ, ಅಷ್ಟೆ.

2022ರ ಕೊನೆಯ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರು 5.73 ಲಕ್ಷ. ಅದರಲ್ಲಿ 4.34 ಲಕ್ಷ ಜನ ವಿಚಾರಣಾಧೀನರು. ತಪ್ಪು ಮಾಡಿದ್ದಾರೆ ಅಂತ ಯಾವ ಕೋರ್ಟೂ ಹೇಳದೆ ಇರುವವರು. ಹೆಚ್ಚುಕಡಿಮೆ ಐವರಲ್ಲಿ ಒಬ್ಬ ಪರಿಶಿಷ್ಟ ಜಾತಿಯವನು.

ಕೋರ್ಟು ಹೇಳಿದ್ದನ್ನ ಠಾಣೆ ಕೇಳ್ತದಾ? ನಮ್ಮ ರಾಜ್ಯದ್ದೇ ಕೇಸು ಇದೆ. ಚಿಕ್ಕೋಡಿ ಕಡೆಯ ಒಬ್ಬ ಕಾನೂನು ವಿದ್ಯಾರ್ಥಿ, ಚೆಕ್ ಬೌನ್ಸ್ ಕೇಸಿನ ವಾರಂಟು. ಕೋಳ ಹಾಕಿ ಜನರ ನಡುವೆ ನಡೆಸಿಕೊಂಡು ಹೋದರು. ಅವನು ಬಿಡಲಿಲ್ಲ. 2022ರ ಜೂನಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಕೋಳ ಹಾಕಿದರೆ ಕಾರಣವನ್ನ ಕೇಸ್ ಡೈರಿಯಲ್ಲಿ ಬರೆಯಬೇಕು ಅಂದಿತು, ದಸ್ತಗಿರಿ ಮಾಡೋ ಪೋಲೀಸರ ಮೈಮೇಲೆ ಕ್ಯಾಮರಾ ಇರಬೇಕು ಅಂದಿತು. ಅವನು ಕಾನೂನು ಓದುತ್ತಿದ್ದ, ಕೋರ್ಟಿಗೆ ಹೋದ. ಓದದವನ ಕೇಸು ಎಲ್ಲಿಗೂ ಹೋಗಲಿಲ್ಲ.

ಈಗ ಹೊಸ ಕಾನೂನು ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆ, 43ನೇ ಕಲಮು, ಮೂರನೇ ಉಪಕಲಮು. ಕೊಲೆ, ಅತ್ಯಾಚಾರ, ಭಯೋತ್ಪಾದನೆ, ಮಾದಕವಸ್ತು ಇತ್ಯಾದಿ ಪಟ್ಟಿ ಕೊಟ್ಟು, ಹಿಡಿಯುವಾಗ, ಕೋರ್ಟಿಗೆ ತರುವಾಗ ಕೋಳ ಹಾಕಬಹುದು ಅನ್ನುತ್ತೆ. ಪಟ್ಟಿಯ ತಲೆಯಲ್ಲೇ ಒಂದು ಪದ ಇದೆ: ರೂಢಿಗತ ಅಪರಾಧಿ. ಈ ಪದದ ವಂಶಾವಳಿ ಕೇಳಿ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆ ತಂದರು. ಕೊರಮ, ಕೊರಚರಂಥ ಜನರನ್ನ ಹುಟ್ಟಿನಿಂದಲೇ ಕಳ್ಳರು ಅಂತ ಬರೆದರು. 1952ರಲ್ಲಿ ಅದು ರದ್ದಾಯಿತು. ಅದರ ಜಾಗಕ್ಕೆ ರಾಜ್ಯ ರಾಜ್ಯದಲ್ಲೂ ರೂಢಿಗತ ಅಪರಾಧಿಗಳ ಕಾಯ್ದೆ ಬಂತು, ನಮ್ಮಲ್ಲಿ 1961ರದ್ದು. ಹಳೇ ರೌಡಿ ಪಟ್ಟಿಯಲ್ಲಿ ಹೆಸರಿದ್ದವನಿಗೆ ಈ ಪದ ಅಂಟಿಸೋಕೆ ಎಷ್ಟು ಹೊತ್ತು ಬೇಕು?

ಒಬ್ಬ ಗೆಳೆಯ ಕೇಳಿದ, ಆ ಪಟ್ಟಿಯಲ್ಲಿ ಜಾತಿ ದೌರ್ಜನ್ಯ ಇಲ್ಲವಲ್ಲ, ಅದನ್ನೂ ಸೇರಿಸಿ ಅಂತ ಹೋರಾಡೋಣವೇ ಅಂತ. ನಾನು ಬೇಡ ಅಂದೆ. ನಮ್ಮ ಹಟ್ಟಿಗೆ ಬೆಂಕಿ ಇಟ್ಟವನಿಗೆ ಜಾಮೀನು ಸಿಗಬಾರದು, ತನಿಖೆ ಬಿಗಿಯಾಗಬೇಕು, ಶಿಕ್ಷೆಯಾಗಬೇಕು. ಅವನನ್ನ ಕೋಳ ಹಾಕಿ ಬೀದಿಯಲ್ಲಿ ಮೆರವಣಿಗೆ ಮಾಡಿಸೋದರಿಂದ ನನಗೇನೂ ಬರಬೇಕಾಗಿಲ್ಲ. ಇದಕ್ಕೆ ನಿಮ್ಮಲ್ಲಿ ಕೆಲವರು ಒಪ್ಪೋದಿಲ್ಲ ಅಂತ ಮುಖ ನೋಡಿದರೇ ಗೊತ್ತಾಗ್ತಿದೆ. ಊಟದ ಹೊತ್ತಿಗೆ ಜಗಳ ಆಡೋಣ.

ಹೊಸ ಕಲಮು ‘ಹಾಕಬಹುದು’ ಅಂದಿದೆ, ‘ಹಾಕಲೇಬೇಕು’ ಅಂದಿಲ್ಲ. ಆದ್ದರಿಂದ ಊರಿನ ಹುಡುಗನನ್ನ ಹಿಡಿದ ಸುದ್ದಿ ಬಂದರೆ ನಿಮ್ಮಲ್ಲಿ ಇಬ್ಬರು ಕೋರ್ಟಿಗೆ ಹೋಗಿ. 24 ಗಂಟೆಯೊಳಗೆ ಅಲ್ಲಿಗೆ ತರಲೇಬೇಕು. ಒಂದು ಒಗೆದ ಅಂಗಿ ತಗೊಂಡು ಹೋಗಿ. ಕೋಳ ಹಾಕಿ ತಂದಿದ್ದರೆ ಯಾವ ಹೊತ್ತು, ಎಲ್ಲಿಂದ ಎಲ್ಲಿಗೆ, ಯಾರು ನೋಡಿದರು ಬರೆದುಕೊಳ್ಳಿ. ‘ಸ್ವಾಮಿ, ಕೋಳ ಹಾಕಿ ತಂದರು, ಬರೆದುಕೊಳ್ಳಿ’ ಅಂತ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳು ಅಂತ ಅವನಿಗೆ ಹೇಳಿಕೊಡಿ. ವಕೀಲರಿಗೆ ದುಡ್ಡಿಲ್ಲ ಅನ್ನಬೇಡಿ. 1987ರ ಕಾನೂನು ಸೇವಾ ಕಾಯ್ದೆಯಲ್ಲಿ ನಮ್ಮವರಿಗೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು. ಈ ಕಲಮುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಂದಿದ್ದೀನಿ. ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲಿ ಊಟದ ಮೆನು ಪಕ್ಕ ಅಂಟಿಸಿ, ದಿನಾ ಕಣ್ಣಿಗೆ ಬೀಳಲಿ.

ಜೈ ಭೀಮ್.