‘ಎಲ್ಲ ಅಲ್ಲ’ ಬೇರೆ, ‘ಯಾವುದೂ ಇಲ್ಲ’ ಬೇರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಇಂಗ್ಲಿಷಿನ ‘ನಾಟ್’ ಎಂಬ ಸಣ್ಣ ಪದದ ಬಗ್ಗೆ ಹೇಳಲಿದ್ದೇನೆ. ಅದು ವಾಕ್ಯದಲ್ಲಿ ಎಲ್ಲಿ ಕೂಡುತ್ತದೆ ಎಂಬುದರ ಮೇಲೆ ಒಬ್ಬರ ಹಣ, ಇನ್ನೊಬ್ಬರ ಅರ್ಜಿ ನಿಂತಿರುತ್ತದೆ.

ರಬಕವಿ-ಬನಹಟ್ಟಿಯ ಒಂದು ಮಗ್ಗದ ಶೆಡ್ ಎಂದುಕೊಳ್ಳಿ. ಒಳಗೆ ಹತ್ತು ಮಗ್ಗ. ಆರು ನಡೆಯುತ್ತಿವೆ, ನಾಲ್ಕು ನಿಂತಿವೆ. ಆಗ ‘ನಾಟ್ ಆಲ್ ದ ಲೂಮ್ಸ್ ಆರ್ ರನ್ನಿಂಗ್’ ಎನ್ನಬೇಕು. ಕರೆಂಟ್ ಹೋಗಿ ಹತ್ತೂ ನಿಂತರೆ ‘ನನ್ ಆಫ್ ದ ಲೂಮ್ಸ್ ಈಸ್ ರನ್ನಿಂಗ್’. ಮೊದಲನೆಯದು ಭಾಗಶಃ ನಿಷೇಧ, ಎರಡನೆಯದು ಪೂರ್ಣ ನಿಷೇಧ. ನಾವಾದರೋ ‘ಎಲ್ಲ ಮಗ್ಗ ನಡೆಯುತ್ತಿಲ್ಲ’ ಎಂಬ ಕನ್ನಡವನ್ನು ಹಾಗೇ ಎತ್ತಿಟ್ಟು ‘ಆಲ್ ದ ಲೂಮ್ಸ್ ಆರ್ ನಾಟ್ ರನ್ನಿಂಗ್’ ಎಂದು ಬರೆಯುತ್ತೇವೆ. ನಾಲ್ಕು ನಿಂತಿವೆಯೋ, ಹತ್ತೂ ನಿಂತಿವೆಯೋ? ಓದಿದವರಿಗೆ ಗೊತ್ತಾಗುವುದಿಲ್ಲ.

ಇಂಗ್ಲಿಷರ ಗಾದೆಯಲ್ಲೂ ಇದೇ ಜೋಡಣೆ ಇದೆ: ‘ಆಲ್ ದಟ್ ಗ್ಲಿಟರ್ಸ್ ಈಸ್ ನಾಟ್ ಗೋಲ್ಡ್.’ ಹೊಳೆಯುವ ಯಾವುದೂ ಚಿನ್ನವಲ್ಲ ಎಂದು ಇದರ ಅರ್ಥವಲ್ಲ. ಹಾಗಾದರೆ ಚಿನ್ನವೇ ಚಿನ್ನವಾಗದು! ನಮ್ಮ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬುದೂ ಹಾಗೆಯೇ. ಗಾದೆಯಲ್ಲಿ ಲೋಕಜ್ಞಾನ ಅರ್ಥ ಹಿಡಿದುಕೊಡುತ್ತದೆ. ಪತ್ರದಲ್ಲಿ, ಕರಾರಿನಲ್ಲಿ ಆ ಆಸರೆ ಇರುವುದಿಲ್ಲ.

ಹಾಗೆಂದು ಕನ್ನಡ ಕಡಿಮೆಯದೇನಲ್ಲ. ‘ಯಾರೂ ಬಂದಿಲ್ಲ’ ಎಂದರೆ ಸಭೆ ಖಾಲಿ. ‘ಯಾರೋ ಬಂದಿಲ್ಲ’ ಎಂದರೆ ಒಬ್ಬರಿಗಾಗಿ ಕಾಯುತ್ತಿದ್ದೇವೆ. ಊಕಾರ, ಓಕಾರಗಳಲ್ಲೇ ನಮ್ಮ ಭಾಷೆ ಕೆಲಸ ಮುಗಿಸುತ್ತದೆ. ಇಂಗ್ಲಿಷಿಗೆ ‘ನೋಬಡಿ’, ‘ಸಮ್‌ಬಡಿ’ ಎಂಬ ಬೇರೆ ಬೇರೆ ಪದ ಬೇಕು. ಈ ವ್ಯತ್ಯಾಸ ಕಿವಿಗೆ ಬಿದ್ದ ಮಗುವಿಗೆ ಇಂಗ್ಲಿಷ್ ವ್ಯಾಕರಣದ ಅರ್ಧ ಪಾಠ ಆಗಲೇ ಬಂದಿದೆ.

ಆಲಮಟ್ಟಿಯ ಹಿನ್ನೀರು ಕಂಡ ಬೀಳಗಿ ತಾಲ್ಲೂಕಿನ ಹಿರಿಯರಿಗೆ ಪರಿಹಾರದ ಕಾಗದಪತ್ರ ಹೊಸದಲ್ಲ. ಜಂಟಿ ಉತಾರದ ಇಬ್ಬರು ಅಣ್ಣತಮ್ಮಂದಿರಲ್ಲಿ ಅಣ್ಣ ಸಹಿ ಮಾಡಿದ್ದಾನೆ, ತಮ್ಮ ಮಾಡಿಲ್ಲ ಎನ್ನೋಣ. ‘ಬೋತ್ ಬ್ರದರ್ಸ್ ಹ್ಯಾವ್ ನಾಟ್ ಸೈನ್ಡ್’ ಎಂದು ಬರೆದರೆ ಅಣ್ಣನ ಸಹಿಯೂ ಇಲ್ಲವೆಂದು ಓದಿಕೊಳ್ಳಬಹುದು. ‘ಓನ್ಲಿ ಒನ್ ಬ್ರದರ್ ಹ್ಯಾಸ್ ಸೈನ್ಡ್’ ಎಂದರೆ ಗೊಂದಲವಿಲ್ಲ. ಇಬ್ಬರೂ ಮಾಡಿರದಿದ್ದರೆ ‘ನೀದರ್ ಬ್ರದರ್ ಹ್ಯಾಸ್ ಸೈನ್ಡ್’. ಜಮಖಂಡಿ, ಮುಧೋಳದ ಕಬ್ಬಿನ ಬಿಲ್ಲಿಗೂ ಇದೇ ಮಾತು: ‘ನಾಟ್ ಆಲ್ ಬಿಲ್ಸ್ ಆರ್ ಪೇಡ್’ ಎಂದರೆ ಒಂದಷ್ಟು ಬಾಕಿ, ‘ನೋ ಬಿಲ್ಸ್ ಆರ್ ಪೇಡ್’ ಎಂದರೆ ಒಂದೂ ಬಂದಿಲ್ಲ.

ನನ್ನ ವೃತ್ತಿಯಲ್ಲಿ ಈ ಲೆಕ್ಕ ದಿನವೂ ಬರುತ್ತದೆ. ಅರ್ಜಿಗೆ ಆಧಾರ್, ಉತಾರ ಎರಡೂ ಬೇಕು. ‘ಎರಡೂ ಇದ್ದರೆ ಮಾತ್ರ’ ಎಂಬುದನ್ನು ನಿಷೇಧಿಸಿದರೆ ‘ಆಧಾರ್ ಇಲ್ಲ ಅಥವಾ ಉತಾರ ಇಲ್ಲ’ ಎಂದಾಗುತ್ತದೆ. ಪ್ರೋಗ್ರಾಮಿನಲ್ಲಿ ‘ಅಥವಾ’ ಬದಲು ‘ಮತ್ತು’ ಎಂದು ಬರೆದು ಅಂಥವನ್ನಷ್ಟೇ ತಡೆದರೆ, ಒಂದೇ ದಾಖಲೆ ಇರುವ ಅರ್ಜಿ ಒಳಗೆ ನುಸುಳಿಬಿಡುತ್ತದೆ. ಈ ನಿಯಮಕ್ಕೆ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ ಅವರ ಹೆಸರಿದೆ. ಅವರು 1806ರಲ್ಲಿ ಹುಟ್ಟಿದ್ದು ನಮ್ಮದೇ ದೇಶದ ಮಧುರೈಯಲ್ಲಿ.

ವಿದ್ಯಾರ್ಥಿಗಳೆ, ಇಷ್ಟು ನೆನಪಿಡಿ. ‘ಆಲ್’, ‘ಎವ್ರಿ’, ‘ಆಲ್ವೇಸ್’ ಇವುಗಳ ಹಿಂದೆಯೇ ‘ನಾಟ್’ ಇಟ್ಟರೆ ಭಾಗಶಃ ನಿಷೇಧ. ಪೂರ್ಣ ನಿಷೇಧಕ್ಕೆ ‘ನೋ’, ‘ನನ್’, ‘ನೀದರ್’, ‘ನೆವರ್’. ‘ನಾಟ್’ ಬಳಸಿದರೆ ‘ಎನಿ’ ಸೇರಿಸಿ. ಸಂಶಯ ಬಂದರೆ ಎಷ್ಟು ಎಂದು ಲೆಕ್ಕ ಹೇಳಿಬಿಡಿ. ಹಿರಿಯರೆ, ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕುವ ಮುನ್ನ ಮೊಮ್ಮಕ್ಕಳಿಗೆ ಒಂದೇ ಪ್ರಶ್ನೆ ಕೇಳಿ: ‘ಎಲ್ಲ ಇಲ್ಲವೋ, ಏನೂ ಇಲ್ಲವೋ?’