ಬಟ್ಟೆಯ ಒಳಮೈ

(ಸಂಘದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರೆಹರೂಪ)



ಕಸೂತಿಯ ಮಾತು ಬಂದೊಡನೆ ‘ಬಿಡುವಿನ ವೇಳೆಯ ಹವ್ಯಾಸ’ ಎಂಬ ವಿಶೇಷಣವೂ ತಾನಾಗಿಯೇ ಬಂದು ಸೇರಿಕೊಳ್ಳುತ್ತದೆ. ಶಾಸನವನ್ನು ಓದುವವನು ಸಂಶೋಧಕ, ಸೂಜಿ ಹಿಡಿದವಳು ಹವ್ಯಾಸಿ ಎಂಬ ತಾರತಮ್ಯ ಅದರ ಹಿಂದಿದೆ. ಹಳೆಯ ಬಟ್ಟೆಯ ಹೊಲಿಗೆಯನ್ನು ಕೈಯಾರೆ ಮತ್ತೆ ಹೊಲಿದು ನೋಡುವುದು ಚರಿತ್ರೆಯನ್ನು ಅರಿಯುವ ಒಂದು ಶಿಸ್ತಿನ ಮಾರ್ಗ. ಆ ಮಾರ್ಗದಲ್ಲಿ ನಡೆಯುವವರು ಬಟ್ಟೆಯ ಹೊರಮೈಯಷ್ಟೇ ಗಮನವಿಟ್ಟು ಅದರ ಒಳಮೈಯನ್ನೂ ಓದಬೇಕಾಗುತ್ತದೆ. ಇಂದು ನಾನು ತಮ್ಮ ಮುಂದಿಡಬೇಕೆಂದಿರುವ ವಿಚಾರ ಇಷ್ಟೇ.

ಮಧ್ಯಯುಗದ ಕಸೂತಿಯೆಂದಾಗ ಮೊದಲು ನೆನಪಾಗುವುದು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಬೇಯೂ ಪಟ್ಟಣದ ಪಟ. ನಾರ್ಮಂಡಿಯ ಡ್ಯೂಕ್ ವಿಲಿಯಮ್ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಕಥೆ ಅದರಲ್ಲಿದೆ. ಅದು ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಅಗಸೆನಾರಿನ ಒಂಬತ್ತು ತುಂಡು ಬಟ್ಟೆಗಳನ್ನು ಜೋಡಿಸಿ ಉಣ್ಣೆಯ ನೂಲಿನಿಂದ ಹೊಲಿದದ್ದು. ಲೋಕವೆಲ್ಲ ಅದನ್ನು ‘ಟ್ಯಾಪೆಸ್ಟ್ರಿ’ ಎಂದು ಕರೆಯುತ್ತದೆ. ಟ್ಯಾಪೆಸ್ಟ್ರಿಯೆಂದರೆ ಮಗ್ಗದಲ್ಲಿಯೇ ಚಿತ್ರವನ್ನು ನೇಯ್ದ ಬಟ್ಟೆ. ಇದಾದರೋ ಅಪ್ಪಟ ಸೂಜಿಯ ಕೆಲಸ. ಇಷ್ಟು ಪ್ರಸಿದ್ಧವಾದ ವಸ್ತುವಿನ ಹೆಸರಿನಲ್ಲಿಯೇ ಅದನ್ನು ಮಾಡಿದ ಕೈಗಳ ಗುರುತು ಅಳಿಸಿಹೋಗಿದೆ.

ಅದರ ಹೊಲಿಗೆಯ ಕ್ರಮವನ್ನು ಗಮನಿಸಿ. ಆಕೃತಿಯ ಅಂಚಿಗೂ ಅಕ್ಷರಗಳಿಗೂ ಹಗ್ಗದಂತೆ ಹೊಸೆದುಕೊಂಡು ಸಾಗುವ ಗೆರೆಹೊಲಿಗೆ. ಒಳಗೆ ತುಂಬುವಾಗ ನೂಲುಗಳನ್ನು ಒತ್ತೊತ್ತಾಗಿ ಮೇಲ್ಮೈಯಲ್ಲಿ ಹಾಸಿ, ಅವುಗಳ ಮೇಲೆ ಅಡ್ಡಲಾಗಿ ಬಿಟ್ಟುಬಿಟ್ಟು ನೂಲನ್ನಿಟ್ಟು, ಆ ಅಡ್ಡನೂಲನ್ನು ಸಣ್ಣ ಹೊಲಿಗೆಗಳಿಂದ ಬಿಗಿದಿದ್ದಾರೆ. ಪುಸ್ತಕದಲ್ಲಿ ಇದನ್ನು ಓದಿದವರಿಗೆ ಇದೊಂದು ಹೊಲಿಗೆಯ ವಿವರಣೆ ಮಾತ್ರ. ಅಂಗೈಯಗಲ ಹೊಲಿದು ನೋಡಿದವರಿಗೆ ಇದರ ಹಿಂದಿರುವ ಲೆಕ್ಕ ತಿಳಿಯುತ್ತದೆ. ಉಣ್ಣೆಯ ಬಹುಪಾಲು ಹೊರಮೈಯಲ್ಲಿಯೇ ಉಳಿಯುತ್ತದೆ. ಒಳಮೈಗೆ ಹೋಗುವುದು ಚುಕ್ಕೆಗಳಷ್ಟೇ. ದುಬಾರಿ ನೂಲನ್ನು ಮಿತವಾಗಿ ಬಳಸಿ ದೊಡ್ಡ ಜಾಗವನ್ನು ಬೇಗ ತುಂಬುವ ಉಪಾಯವಿದು. ಬಣ್ಣಗಳೂ ಕೆಲವೇ: ಮಂಜಿಷ್ಠದ ಜಾತಿಯ ಬೇರಿನ ಕೆಂಪು, ವೆಲ್ಡ್ ಎಂಬ ಗಿಡದ ಹಳದಿ, ವೋಡ್ ಎಂಬ ಸಸ್ಯದ ನೀಲಿ, ಇವುಗಳ ಮಿಶ್ರಣಗಳು. ಈ ಬಡತನದಲ್ಲಿಯೇ ಕುದುರೆಯ ಈಚೆಯ ಕಾಲಿಗೆ ಒಂದು ಬಣ್ಣ, ಆಚೆಯ ಕಾಲಿಗೆ ಇನ್ನೊಂದು ಬಣ್ಣ ಕೊಟ್ಟು ದೂರ ಹತ್ತಿರಗಳನ್ನು ತೋರಿಸಿದ ಜಾಣ್ಮೆ ಆ ಅನಾಮಿಕರದು.

1982-83ರಲ್ಲಿ ಈ ಪಟವನ್ನು ಹೊಸ ಪ್ರದರ್ಶನಾಲಯಕ್ಕೆ ಸಾಗಿಸುವ ಮುನ್ನ ತಜ್ಞರು ಅದರ ಒಳಮೈಯನ್ನು ಪರೀಕ್ಷಿಸಿದರು. ಶತಮಾನಗಳ ಬೆಳಕು ತಾಕದ ಅಲ್ಲಿ ಬಣ್ಣಗಳು ಹೆಚ್ಚು ತಾಜಾ ಆಗಿದ್ದವು. ಮೂಲ ಹೊಲಿಗೆ ಯಾವುದು, ನಂತರದ ದುರಸ್ತಿ ಯಾವುದು ಎಂಬುದನ್ನು ಬೇರ್ಪಡಿಸಲು ಆಧಾರ ಸಿಕ್ಕಿತು. ಹೊರಮೈಯನ್ನು ಮಾತ್ರ ನೋಡಿ ಬರೆದ ವರ್ಣನೆಗಳನ್ನು ಈ ಪರೀಕ್ಷೆಯ ಬೆಳಕಿನಲ್ಲಿ ಮತ್ತೆ ತೂಗಬೇಕಾಯಿತು.

ಹವ್ಯಾಸಿಗಳ ಪಾತ್ರವನ್ನು ಕಾಣಬೇಕಾದರೆ ಇಂಗ್ಲೆಂಡಿನ ಲೀಕ್ ಎಂಬ ರೇಷ್ಮೆ ಕೈಗಾರಿಕೆಯ ಊರಿಗೆ ಬರಬೇಕು. ಅಲ್ಲಿನ ಎಲಿಜಬೆತ್ ವಾರ್ಡ್ಲ್ ಎಂಬಾಕೆಯ ಮುಂದಾಳುತನದಲ್ಲಿ ಸುಮಾರು 35 ಮಂದಿ ಮಹಿಳೆಯರು 1885-86ರಲ್ಲಿ ಬೇಯೂ ಪಟದ ಪೂರ್ಣಪ್ರಮಾಣದ ಪ್ರತಿಯೊಂದನ್ನು ಹೊಲಿದರು. ಅದಕ್ಕೆ ಬೇಕಾದ ಉಣ್ಣೆಗೆ ಸಸ್ಯಜನ್ಯ ಬಣ್ಣ ಹಾಕಿಸಿದವನು ಆಕೆಯ ಪತಿ ಥಾಮಸ್ ವಾರ್ಡ್ಲ್. ನಮ್ಮ ದೇಶದ ಟಸ್ಸಾರ್ ರೇಷ್ಮೆಗೆ ಬಣ್ಣ ಹಿಡಿಸುವ ಪ್ರಯೋಗಗಳಿಂದ ಹೆಸರಾದವನು. ಆ ಪ್ರತಿ 1895ರಿಂದ ರೆಡಿಂಗ್ ಪಟ್ಟಣದಲ್ಲಿದೆ. ಮೂಲಪಟದಲ್ಲಿಲ್ಲದ ಒಂದು ಸಂಗತಿ ಅದರಲ್ಲಿದೆ. ಪ್ರತಿಯೊಬ್ಬಳೂ ತಾನು ಹೊಲಿದ ಭಾಗದ ಕೆಳಗೆ ತನ್ನ ಹೆಸರನ್ನೂ ಹೊಲಿದಿದ್ದಾಳೆ. ಎಂಟು ಶತಮಾನಗಳ ಹಿಂದಿನ ಕೈಗಳಿಗೆ ದೊರೆಯದ ಗೌರವವನ್ನು ಇವರು ತಾವೇ ಪಡೆದುಕೊಂಡರು.

ಆದರೆ ಇದೇ ಪ್ರತಿ ನಮಗೆ ಎಚ್ಚರಿಕೆಯನ್ನೂ ಹೇಳುತ್ತದೆ. ಆ ಮಹಿಳೆಯರು ಹೊಲಿಯುವಾಗ ಮಾದರಿಯಾಗಿಟ್ಟುಕೊಂಡದ್ದು ಮೂಲ ಬಟ್ಟೆಯನ್ನಲ್ಲ, ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಮ್ಮಿನ ಛಾಯಾಚಿತ್ರಗಳನ್ನು. ಪಟದ ಅಂಚಿನಲ್ಲಿರುವ ಬೆತ್ತಲೆ ಪುರುಷಾಕೃತಿಗಳನ್ನು ವಿಕ್ಟೋರಿಯಾ ಕಾಲದ ಸಂಕೋಚವು ಆ ಚಿತ್ರಗಳಲ್ಲಿಯೇ ಮುಚ್ಚಿಬಿಟ್ಟಿತ್ತು. ಪ್ರತಿಯಲ್ಲಿಯೂ ಅವು ಚಡ್ಡಿ ತೊಟ್ಟು ನಿಂತವು. ಸೂಜಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಆಧಾರ ತಿದ್ದಿದ್ದಾದರೆ ಫಲವೂ ತಿದ್ದಿದ್ದೇ. ಆದ್ದರಿಂದ ಮೂಲ ಬಟ್ಟೆಯನ್ನು ನೋಡಬೇಕು. ಸಾಧ್ಯವಾದರೆ ಅದನ್ನು ಮಗುಚಿ ನೋಡಬೇಕು.

ಒಳಮೈಯ ಈ ಮಾತೇ ನಮ್ಮನ್ನು ಧಾರವಾಡದ ಕಸೂತಿಗೆ ಕರೆತರುತ್ತದೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳು ತಮಗೆ ಗೊತ್ತು. ಗವಂತಿಯಲ್ಲಿ ಸೂಜಿ ಎಳೆಗಳನ್ನೆಣಿಸುತ್ತ, ಹಿಡಿದು ಬಿಟ್ಟು ಮುಂದೆ ಹೋಗುತ್ತದೆ. ಅದೇ ದಾರಿಯಲ್ಲಿ ಮರಳುತ್ತ ಬಿಟ್ಟ ತೆರಪುಗಳನ್ನು ತುಂಬುತ್ತದೆ. ಗಂಟಿಲ್ಲ, ಬರೆದುಕೊಂಡ ಗೆರೆಯಿಲ್ಲ. ಒಳಮೈ ಹೊರಮೈಗಳೆರಡೂ ಒಂದೇ. ಸೂಜಿ ಹೊರಡುವ ಮೊದಲೇ ಮರಳುವ ದಾರಿಯೆಲ್ಲ ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳನ್ನು ಹೀಗೆ ಎಣಿಕೆಯಿಂದಲೇ ಎಬ್ಬಿಸಿದವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದರು.

ಇದೇ ಬಗೆಯ ಇಮ್ಮಡಿ ಓಟದ ಹೊಲಿಗೆ ಮಧ್ಯಯುಗದ ಈಜಿಪ್ಟಿನ ಮಾಮ್ಲೂಕರ ಕಾಲದ ಬಟ್ಟೆತುಂಡುಗಳಲ್ಲಿಯೂ ಇದೆ. ಅಂಥ ತುಂಡುಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿವೆ. ಹದಿನಾರನೆಯ ಶತಮಾನದ ಚಿತ್ರಕಾರ ಹೋಲ್ಬೈನ್ ಬರೆದ ಭಾವಚಿತ್ರಗಳ ಕೊರಳಪಟ್ಟಿ, ಮುಂಗೈಪಟ್ಟಿಗಳಲ್ಲಿಯೂ ಕಾಣುವುದರಿಂದ ಯುರೋಪಿನಲ್ಲಿ ಅದಕ್ಕೆ ಅವನ ಹೆಸರೇ ನಿಂತಿದೆ. ಹಾಗಾದರೆ ನಮ್ಮದೇ ಅಲ್ಲಿಗೆ ಹೋಯಿತೆಂದು ಚಪ್ಪಾಳೆ ತಟ್ಟಬೇಕೇ? ಬೇಡ. ಎಳೆ ಎಣಿಸಲು ಬರುವ ಬಟ್ಟೆ, ಎರಡೂ ಮಗ್ಗುಲು ಕಾಣುವ ಸೆರಗು ಅಥವಾ ತೋಳಂಚು ಇದ್ದಲ್ಲಿ ಈ ಹೊಲಿಗೆ ತಾನಾಗಿಯೇ ಹುಟ್ಟಬಲ್ಲದು. ಕಸೂತಿ ಚಾಳುಕ್ಯರ ಕಾಲದ್ದೆಂದು ವೇದಿಕೆಗಳಲ್ಲಿ ಸಾರುವುದುಂಟು. ಹಾಗೆ ಸಾರುವವರು ಆ ಕಾಲದ ಬಟ್ಟೆಯ ಸಾಕ್ಷಿಯನ್ನೂ ತೋರಿಸಬೇಕು. ಹೊರನಾಡಿನಲ್ಲಿರುವ ನಮಗೆ ಪ್ರಾಚೀನತೆಯ ಹೆಮ್ಮೆ ಬೇಗ ರುಚಿಸುತ್ತದೆ. ಆ ರುಚಿ ನಮ್ಮ ಕಣ್ಣೆದುರಿನ ಸಾಕ್ಷಿಯನ್ನು ಮರೆಸಬಾರದು.

ಆ ಸಾಕ್ಷಿ ದೂರದಲ್ಲೇನೂ ಇಲ್ಲ. ಧಾರವಾಡ, ಬೆಳಗಾವಿ, ವಿಜಾಪುರಗಳ ಕಡೆಯಿಂದ ಮುಂಬಯಿ, ಪುಣೆಗಳಿಗೆ ಬಂದು ನೆಲೆಸಿದ ಮನೆಗಳ ಟ್ರಂಕುಗಳಲ್ಲಿ ಅಜ್ಜಿಯ ಇಳಕಲ್ ಸೀರೆ, ಮದುವೆಯ ಚಂದ್ರಕಾಳಿ, ಮಗುವಿನ ಕುಲಾಯಿಗಳು ಇನ್ನೂ ಇರಬಹುದು. ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ಬೇಯೂ ಪಟವನ್ನು ಸೈನ್ಯದ ಸರಕಿನ ಗಾಡಿಯೊಂದಕ್ಕೆ ಹೊದಿಸಲು ಹೊರಟಿದ್ದರೆಂದೂ ಊರಿನ ವಕೀಲನೊಬ್ಬ ಅದನ್ನು ಉಳಿಸಿದನೆಂದೂ ಹೇಳುತ್ತಾರೆ. ನಮ್ಮ ಟ್ರಂಕಿನ ಬಟ್ಟೆಗಳು ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವರ ಗಂಟಿಗೆ ಸೇರುವಾಗ ತಡೆಯಲು ಯಾವ ವಕೀಲನೂ ಬರುವುದಿಲ್ಲ.

ಆದ್ದರಿಂದ ನನ್ನ ಬಿನ್ನಹವಿಷ್ಟು. ಇಂಥ ಬಟ್ಟೆಯಿದ್ದವರು ಅದರ ಎರಡೂ ಮೈಗಳ ಛಾಯಾಚಿತ್ರ ತೆಗೆಯಲಿ. ಅಂಗುಲಕ್ಕೆಷ್ಟು ಎಳೆ, ಯಾವ ಹೊಲಿಗೆ, ಯಾರು ಹೊಲಿದದ್ದು, ಯಾವ ಊರು, ಯಾರ ಮದುವೆ ಎಂಬುದನ್ನು ಹಿರಿಯರನ್ನು ಕೇಳಿ, ಅವರು ಹೇಳಿದ ಮಾತಿನಲ್ಲಿಯೇ ಬರೆದಿಡಲಿ. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ಒಗೆದ ಗಂಜಿಯಿಲ್ಲದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಲಿ. ಆಗಾಗ ಮಡಿಕೆ ಬದಲಿಸಲಿ. ಸೂಜಿ ಹಿಡಿಯಬಲ್ಲವರು ಒಂದೊಂದು ನಮೂನೆಯ ಪ್ರತಿ ಹೊಲಿದು, ಲೀಕ್ ಊರಿನವರಂತೆ ಕೆಳಗೆ ತಮ್ಮ ಹೆಸರನ್ನೂ ವರ್ಷವನ್ನೂ ಸೇರಿಸಲಿ. ಹಳೆಯದು ಯಾವುದು, ಹೊಸದು ಯಾವುದು ಎಂಬ ಗೊಂದಲ ಮುಂದೆ ಹುಟ್ಟದು. ಗವಂತಿ, ಮುರ್ಗಿ ಎಂಬ ಮಾತುಗಳು ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ನಿಘಂಟಿನಿಂದ ಬರುವುದಿಲ್ಲ; ಹೊಲಿಗೆ ಕಲಿಯುವ ಕೈಯೊಡನೆಯೇ ಬರಬೇಕು.

ಸಂಘವು ಈ ವಿವರಗಳಿಗಾಗಿ ಒಂದು ದಾಖಲೆ ಪುಸ್ತಕವನ್ನು ತೆರೆದರೆ ಅದರ ಮೊದಲ ಪುಟಗಳನ್ನು ತುಂಬುವ ಕೆಲಸಕ್ಕೆ ನಾನು ಸಿದ್ಧಳಿದ್ದೇನೆ.