ಹೊಸಬರಿಗೆ ಚಾಪೆಯ ಮೇಲೆ ಜಾಗ



ಇವತ್ತು ಚರ್ಚಿನ ಯೌವನಸ್ಥರ ಕೂಟದ ಬಗ್ಗೆ ನಾಲ್ಕು ಮಾತು ಆಡೋಣ. ನಿಮ್ಮಲ್ಲಿ ಕೆಲವರು ಆ ಕೂಟಕ್ಕೆ ಹೋಗುತ್ತೀರಿ. ಕೆಲವರ ಮಕ್ಕಳು ಹೋಗುತ್ತಾರೆ. ಹೋಗದವರೂ ಕೇಳಿರಿ. ಭಜನೆ ಮಂಡಳಿ ಇರಲಿ, ಮಹಿಳಾ ಸಂಘ ಇರಲಿ, ಹೊಸಬರು ಎಲ್ಲ ಕಡೆಗೂ ಬರ್ತಾರೆ.

ನಮ್ಮ ಉಂಡವಳ್ಳಿ ಎಲ್ಲಿದೆ? ಕೃಷ್ಣಾ ಮತ್ತು ತುಂಗಭದ್ರಾ, ಈ ಎರಡು ಹೊಳೆಗಳ ನಡುವೆ ಇದೆ. ಈ ಸೀಮೆಗೆ ನಡಿಗಡ್ಡ ಅಂತಾರೆ. 2016ರಲ್ಲಿ ಇದು ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿತು. ತುಂಗಭದ್ರಾ ದಾಟಿದರೆ ಕರ್ನೂಲು. ಪಡುವಣ ಕಡೆ ರಾಯಚೂರು. 2013ರಲ್ಲಿ ಗದ್ವಾಲ–ರಾಯಚೂರು ರೈಲೂ ಶುರುವಾಯಿತು. ಹೀಗಾಗಿ ಜನ ಬರುತ್ತಾರೆ, ಹೋಗುತ್ತಾರೆ. ಒಬ್ಬಳು ಮದುವೆಯಾಗಿ ಬರುತ್ತಾಳೆ. ಒಬ್ಬ ಹತ್ತಿ ಬೀಜದ ಹೊಲಕ್ಕೆ ಕೂಲಿಗೆ ಬರುತ್ತಾನೆ. ನಮ್ಮವರೂ ಹಾಗೇ ಹೋದವರಲ್ಲವೇ? ಅಣೆಕಟ್ಟು, ಕಾಲುವೆ, ರಸ್ತೆ ಕಟ್ಟಲು ಪಾಲಮೂರಿನ ಕೂಲಿಯವರು ದೇಶವೆಲ್ಲ ತಿರುಗಿದ್ದಾರೆ. ಪರಸ್ಥಳದಲ್ಲಿ ಯಾರೂ ಮಾತಾಡಿಸದೆ ಇದ್ದರೆ ಹೇಗಿರುತ್ತದೆ ಅಂತ ಅವರನ್ನು ಕೇಳಿರಿ.

ಈಗ ಒಬ್ಬ ಹೊಸ ಸೊಸೆಯನ್ನು ನೆನೆಯಿರಿ. ರಾಯಚೂರು ಕಡೆಯ ಹುಡುಗಿ. ಕನ್ನಡ ಬಲ್ಲಳು, ತೆಲುಗು ಅಷ್ಟಕ್ಕಷ್ಟೇ. ಶನಿವಾರ ಸಂಜೆ ಕೂಟಕ್ಕೆ ಬರುತ್ತಾಳೆ. ಎಲ್ಲರೂ "ವಂದನಾಲು" ಅನ್ನುತ್ತಾರೆ, ನಗುತ್ತಾರೆ. ಸ್ವಾಗತ ಮುಗಿಯಿತು ಅಂದುಕೊಳ್ಳುತ್ತಾರೆ. ಆಮೇಲೆ ಹಳಬರು ಹಳಬರ ಪಕ್ಕಕ್ಕೆ ಕೂಡುತ್ತಾರೆ. ಅವಳು ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ.

ನಂತರ ಬೈಬಲ್ ಓದು. ಪುಸ್ತಕ ಕೈಯಿಂದ ಕೈಗೆ ಬರುತ್ತದೆ. ಒಬ್ಬೊಬ್ಬರು ಒಂದೊಂದು ವಚನ ಗಟ್ಟಿಯಾಗಿ ಓದಬೇಕು. ಇದು ಒಳ್ಳೆಯ ಪದ್ಧತಿ ಅಂತ ನಡೆಸುವವರ ಎಣಿಕೆ. ಆದರೆ ಓದು ಬಾರದವಳಿಗೆ ಏನಾಗುತ್ತದೆ? ಪುಸ್ತಕ ಹತ್ತಿರ ಬಂದಷ್ಟೂ ಎದೆ ಡವಡವ ಅನ್ನುತ್ತದೆ. ಇನ್ನು ಮೂವರು, ಇನ್ನು ಇಬ್ಬರು. ಆಗ ಆಕೆ ನೀರು ಕುಡಿಯಲು ಎದ್ದು ಹೋಗುತ್ತಾಳೆ. ಮುಂದಿನ ವಾರ ಬರುವುದೇ ಇಲ್ಲ. "ಆಕೆಗೆ ಭಕ್ತಿ ಕಡಿಮೆ" ಅಂತ ಇವರು ಮಾತಾಡಿಕೊಳ್ಳುತ್ತಾರೆ!

ಈ ಎದೆಬಡಿತ ನಿಮಗೆ ಗೊತ್ತು. ಕಾಲೇಜು ಓದಿದ ಹುಡುಗರಿಗೆ ಗೊತ್ತಿಲ್ಲ. ಅದಕ್ಕೇ ಈ ಮಾತನ್ನು ಕೂಟದಲ್ಲಿ ನೀವೇ ಹೇಳಬೇಕು. ಓದಲು ಮನಸ್ಸಿದ್ದವರು ಓದಲಿ, ಉಳಿದವರು ಕೇಳಲಿ ಅಂತ ಹೇಳಿರಿ. ಹಾಡು ಕಲಿಸುವಾಗ ಒಂದು ಸಾಲು ಹೇಳಿಕೊಡಿರಿ, ಎಲ್ಲರೂ ಹಿಂದೆ ಹೇಳಲಿ. ಆಗ ಯಾರಿಗೆ ಅಕ್ಷರ ಬರುತ್ತದೆ, ಯಾರಿಗೆ ಬರುವುದಿಲ್ಲ ಅನ್ನುವುದು ಬಯಲಿಗೆ ಬರುವುದಿಲ್ಲ.

ಅಕ್ಷರ ಬಲ್ಲ ಕನ್ನಡದವರಿಗೆ ಇನ್ನೊಂದು ದಾರಿ ಇದೆ. ಕನ್ನಡ, ತೆಲುಗು ಲಿಪಿಗಳು ಅಕ್ಕ ತಂಗಿ. ಗ, ಜ, ದ, ನ, ಲ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ರೂಪ. ತೆಲುಗಿನ ತಲೆಕಟ್ಟು ಮಾತ್ರ ಮೇಷ್ಟ್ರು ಹಾಕುವ ಸರಿ ಗುರುತಿನ ಹಾಗೆ ಇರುತ್ತದೆ. ಕ, ತ ಬೇರೆ ಥರ. ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದರೆ, ತೆಲುಗು ಹಾಡಿನ ಪುಸ್ತಕ ಅವರಿಗೂ ನಿಧಾನಕ್ಕೆ ದಕ್ಕುತ್ತದೆ. ವಾರಕ್ಕೊಂದು ಕನ್ನಡ ಹಾಡು ಇದ್ದರೆ ಇನ್ನೂ ಚಂದ. ಆಗ ಹೊಸಬಳೇ ಹೇಳಿಕೊಡುವವಳು, ಹಳಬರು ಕಲಿಯುವವರು.

ಹೊತ್ತಿನ ವಿಷಯವೂ ಇದೆ. ಹತ್ತಿ ಬೀಜದ ಹೊಲದ ಕೆಲಸ ನಿಮಗೆ ಗೊತ್ತೇ ಇದೆ. ಇಳಿಹೊತ್ತಿನಲ್ಲಿ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಹೂವಿಗೆ ಶನಿವಾರ ಇಲ್ಲ, ಭಾನುವಾರ ಇಲ್ಲ. ಸಂಜೆ ಐದಕ್ಕೆ ಕೂಟ ಇಟ್ಟರೆ ಆ ಹುಡುಗರು ಹೇಗೆ ಬಂದಾರು? ಆ ತಿಂಗಳುಗಳಲ್ಲಿ ರಾತ್ರಿ ಎಂಟಕ್ಕೆ ಕೂಡಿರಿ. ದೀಪ ಇದ್ದರೆ ಸಾಕು.

ಇನ್ನು ಒಂದು ಪ್ರಶ್ನೆ. "ನಿಮ್ಮದು ಯಾವ ಕೇರಿ?" ಬಾಯಲ್ಲಿ ಕೇರಿ, ಮನಸ್ಸಿನಲ್ಲಿ ಜಾತಿ. ಕೇಳಿಸಿಕೊಂಡವರಿಗೆ ಇದು ತಕ್ಷಣ ತಿಳಿಯುತ್ತದೆ. ಇದನ್ನು ಕೇಳಲೇಬೇಡಿ. "ಊಟ ಆಯ್ತಾ? ಮನೆಯಲ್ಲಿ ಯಾರ್‍ಯಾರು ಇದ್ದೀರಿ?" ಅನ್ನಿರಿ. ಚಹಾ ಕೊಟ್ಟರೆ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಕೊಡಿರಿ.

ಬೈಬಲಿನಲ್ಲಿ ರೂತಳ ಕಥೆ ಇದೆ. ನಾಲ್ಕೇ ಅಧ್ಯಾಯದ ಪುಸ್ತಕ. ರೂತಳು ಮೋವಾಬ್ ದೇಶದವಳು. ಗಂಡ ತೀರಿಹೋದ ಮೇಲೆ ಅತ್ತೆ ನೊವೊಮಿಯ ಸಂಗಡ ಬೇತ್ಲೆಹೇಮಿಗೆ ಬಂದಳು. ಜವೆಗೋದಿ ಸುಗ್ಗಿಯ ಕಾಲ. ಬಿದ್ದ ತೆನೆ ಆಯಲು ಬೋವಜನ ಹೊಲಕ್ಕೆ ಹೋದಳು. ಬೋವಜ ಏನು ಮಾಡಿದ? ಊಟದ ಹೊತ್ತಿಗೆ ಕರೆದು ಕೊಯ್ಯುವವರ ಜೊತೆಗೇ ಕೂರಿಸಿದ. ಕಂತೆಯಿಂದ ಬೇಕೆಂದೇ ಒಂದಿಷ್ಟು ತೆನೆ ಬೀಳಿಸಿ ಅಂತ ಆಳುಗಳಿಗೆ ಹೇಳಿದ. ಆಕೆಯನ್ನು ಗದರಿಸಬೇಡಿ ಅಂತಲೂ ಹೇಳಿದ. ಕೊಟ್ಟದ್ದು ಆಕೆಗೆ ಭಾರ ಆಗಲಿಲ್ಲ. ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವುದು ಇದೇ.

ಮೊದಲ ವಾರ ಎಲ್ಲರೂ ಹೊಸಬರನ್ನು ಮಾತಾಡಿಸುತ್ತಾರೆ. ಮೂರನೆಯ ವಾರಕ್ಕೆ ಮರೆಯುತ್ತಾರೆ. ಆ ಸೊಸೆ ಬರದೇ ಹೋದರೆ ಇಬ್ಬರು ಹೆಣ್ಣುಮಕ್ಕಳು ಅವಳ ಮನೆಗೆ ಹೋಗಿ ಬರ್ರಿ. "ಯಾಕೆ ಬರಲಿಲ್ಲ?" ಅಂತ ಕೇಳಬೇಡಿ. ಮೊದಲು ಅತ್ತೆಯನ್ನು ಮಾತಾಡಿಸಿರಿ. ಕೂಟ ಎಷ್ಟು ಹೊತ್ತಿಗೆ ಬಿಡುತ್ತದೆ, ಜೊತೆಗೆ ಯಾರು ಇರುತ್ತಾರೆ ಅಂತ ತಿಳಿಸಿರಿ. ಆಮೇಲೆ ಸೊಸೆಗೆ ಹೇಳಿರಿ: "ಶನಿವಾರ ನಾವು ಇದೇ ದಾರಿಯಲ್ಲಿ ಹೋಗ್ತೀವಿ. ಬಾಗಿಲಲ್ಲಿ ನಿಂತು ಕರೀತೀವಿ, ಬಾರವ್ವಾ."